ಅರವತ್ತು ಲಕ್ಷ ಸಾಲುಗಳ ಪಾಲುಪಟ್ಟಿ

ಬಸ್ಸಿನಲ್ಲಿ ಕೊಡೆ ಬಿಟ್ಟು ಇಳಿದ ಆ ನಿವೃತ್ತ ಮೇಷ್ಟ್ರು ಸುಮ್ಮನೆ ಇನ್ನೊಂದು ಕೊಡೆ ಕೊಂಡುಕೊಂಡು ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರುಗಳು ಅಷ್ಟು ಸುಲಭಕ್ಕೆ ಬಿಡುವ ಜನವಲ್ಲ. ಬಸ್ ಸಂಸ್ಥೆಯ ಕಳೆದ ವಸ್ತುಗಳ ಕಚೇರಿಗೆ ಬಂದರು. ಕೌಂಟರಿನ ಮುಂದೆ ನೆಟ್ಟಗೆ ನಿಂತು, ಕಪ್ಪು ಕೊಡೆ, ಹಿಡಿ ಬಾತುಕೋಳಿಯ ತಲೆಯ ಹಾಗಿದೆ ಎಂದು ವಿವರ ಕೊಟ್ಟರು. ಕಂಪ್ಯೂಟರು ಹುಡುಕತೊಡಗಿತು. ಹುಡುಕಿಯೇ ಹುಡುಕಿತು. ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತುತ್ತಲೇ ಇತ್ತು. ಒಳಗಿನ ಕೋಣೆಯಿಂದ ಒಬ್ಬ ತಲೆ ಹೊರಗೆ ಹಾಕಿ, “ಇನ್ನೈದು ನಿಮಿಷ ಸಾರ್” ಅಂದ. ಹೀಗೆ ನಾಲ್ಕು ಸಲ ಅಂದ. ಐದನೇ ಸಲ ಅವನು ತಲೆ ಹಾಕುವಷ್ಟರಲ್ಲಿ ಮೇಷ್ಟ್ರು ಹೊರಟುಹೋಗಿದ್ದರು.

ಮನೆಗೆ ಹೋದ ಮೇಷ್ಟ್ರು ಮುಖ್ಯ ಕಚೇರಿಗೆ ಒಂದು ಪತ್ರ ಬರೆದರು. “ನಾನು ನಿಮ್ಮ ಬಸ್ಸಿನಲ್ಲಿ ಒಂದು ಕೊಡೆ ಕಳೆದುಕೊಂಡೆ. ಅದನ್ನು ಹುಡುಕಲು ಹೋಗಿ ನಿಮ್ಮ ಕಚೇರಿಯಲ್ಲಿ ಅರ್ಧ ದಿನ ಕಳೆದುಕೊಂಡೆ. ದಯವಿಟ್ಟು ಈ ಅರ್ಧ ದಿನವನ್ನೂ ಪಟ್ಟಿಗೆ ಸೇರಿಸಿಕೊಂಡು, ಯಾರಾದರೂ ತಂದುಕೊಟ್ಟರೆ ತಿಳಿಸಬೇಕಾಗಿ ವಿನಂತಿ.” ಅಕ್ಷರ ಮುತ್ತು ಪೋಣಿಸಿದ ಹಾಗಿತ್ತಂತೆ. ಮುಖ್ಯ ಕಚೇರಿಯಲ್ಲಿ ಅದನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಓದಿ ನಕ್ಕರು. ನಗದೆ ಇದ್ದವರು ಒಬ್ಬರೇ, ಎಲ್ಲರಿಗೂ ಮೇಲಿನ ಮೇಡಂ.

ಒಳಗಿನಿಂದ ತಲೆ ಹೊರಹಾಕಿದವನೇ ನಮ್ಮ ಕಥಾನಾಯಕ, ಆ ಕಚೇರಿಯ ಡೇಟಾಬೇಸ್ ನೋಡಿಕೊಳ್ಳುವವನು. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ‘ಐದ್ನಿಮಿಷ’. ತಪ್ಪು ಅವನದಂತೂ ಅಲ್ಲ. ಹತ್ತೊಂಬತ್ತು ವರ್ಷದಿಂದ ಊರ ಜನ ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಕನ್ನಡಕ, ಹಲ್ಲಿನ ಸೆಟ್ಟು, ಒಂಟಿ ಚಪ್ಪಲಿ, ಬಾಚಣಿಗೆ, ಪೆನ್ನಿನ ಮುಚ್ಚಳ ಎಲ್ಲವೂ ಕಂಪ್ಯೂಟರಿನ ಒಂದೇ ಟೇಬಲ್ಲಿನಲ್ಲಿ ಒಂದರ ಕೆಳಗೊಂದು ಸಾಲಾಗಿ ಕೂತು, ಅರವತ್ತು ಲಕ್ಷ ಸಾಲು ದಾಟಿತ್ತು. ಒಂದು ಬಾಚಣಿಗೆ ಹುಡುಕಬೇಕಾದರೂ ಯಂತ್ರ ಮೊದಲನೇ ಸಾಲಿನಿಂದ ಕೊನೇ ಸಾಲಿನ ತನಕ ನಡೆದುಕೊಂಡೇ ಹೋಗಬೇಕು. ಅದನ್ನೆಲ್ಲ ಹೊತ್ತ ಸರ್ವರ್ ಯಂತ್ರವೋ, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ಮುದುಕನಿಗಿಂತ ಕಡೆ.

ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮ್ಯಾನೇಜರು ಆ ಪತ್ರದ ಪ್ರತಿಯನ್ನು ಬೀಸಣಿಗೆಯ ಹಾಗೆ ಆಡಿಸುತ್ತ ಒಳಗೆ ಬಂದರು.

“ಮೇಡಂ ಬರ್ತಿದಾರಂತೆ ಕಣಯ್ಯಾ! ಇವತ್ತೇ! ನಾಲ್ಕು ಗಂಟೆಗೆ! ಅವರೇ ಸ್ವತಃ ಕೂತು ಹುಡುಕಿ ನೋಡ್ತಾರಂತೆ!”

“ಬರಲಿ ಬಿಡಿ ಸಾರ್,” ಅಂದ ಐದ್ನಿಮಿಷ. ಬಾಯಲ್ಲಿ ಹಾಗಂದನೇ ಹೊರತು ಒಳಗೆ ಹೆದರಿದ್ದ. ಅದಕ್ಕೆ ಕಾರಣ ಮೇಷ್ಟ್ರ ಕೊಡೆಯಲ್ಲ, ಅವನ ಹೆಂಡತಿ.

ಹೆಂಡತಿಗೂ ಇದೇ ಸಂಸ್ಥೆಯಲ್ಲಿ ಕೆಲಸ. ಆದರೆ ಬಸ್ಸಿನಲ್ಲಿ ಆರು ಗಂಟೆ ದೂರದ ಇನ್ನೊಂದು ಊರಲ್ಲಿ, ಪಾಸ್ ಕೊಡುವ ಕೌಂಟರಿನಲ್ಲಿ. ಮದುವೆಯಾಗಿ ಮೂರು ವರ್ಷವಾಗಿತ್ತು. ಎರಡು ವಾರಕ್ಕೊಮ್ಮೆ ಅವನು ಅಲ್ಲಿಗೆ ಹೋಗುತ್ತಿದ್ದ. ಹೋಗಿಬರಲು ಹನ್ನೆರಡು ಗಂಟೆ ಬಸ್ಸಿನಲ್ಲಿ, ಹೆಂಡತಿಯ ಜೊತೆ ಹದಿನಾರು ಗಂಟೆ. ಆ ಹದಿನಾರರಲ್ಲಿ ಒಂಬತ್ತು ಗಂಟೆ ಬಸ್ಸಿನ ಸುಸ್ತಿಗೆ ನಿದ್ದೆ ಹೊಡೆಯುತ್ತಿದ್ದ. ಮಿಕ್ಕ ಏಳು ಗಂಟೆಯಲ್ಲಿ ಒಂದು ಸಂಸಾರ ಎಷ್ಟು ನಡೆಯುತ್ತದೋ ಅಷ್ಟು ನಡೆದಿತ್ತು. ಅವಳಿಲ್ಲದೆ ಅವನಿಗೆ ಊಟ ರುಚಿಸುತ್ತಿರಲಿಲ್ಲ, ಸಂಜೆ ಕಳೆಯುತ್ತಿರಲಿಲ್ಲ. ಅದನ್ನು ಯಾರ ಮುಂದಾದರೂ ಹೇಳಿದರೆ ‘ಇನ್ನೈದು ನಿಮಿಷ ತಡ್ಕೊಳ್ಳಯ್ಯ’ ಅಂತಾರೆಂದು ಹೇಳುತ್ತಲೂ ಇರಲಿಲ್ಲ.

ಆ ಊರಿಗೆ ವರ್ಗ ಕೇಳಿ ಎರಡು ಸಲ ಅರ್ಜಿ ಹಾಕಿದ್ದ. ಎರಡು ಸಲವೂ ‘ಕೌಟುಂಬಿಕ ಕಾರಣಗಳನ್ನು ಪರಿಗಣಿಸಲು ಬರುವುದಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬಂದಿತ್ತು. ಅರ್ಜಿ ಹಾಕಿದಾಗೆಲ್ಲ ಹೆಂಡತಿ ಬೀರುವಿನ ಅರ್ಧ ಖಾಲಿ ಮಾಡಿ ಅವನ ಬಟ್ಟೆಗೆ ಜಾಗ ಮಾಡುತ್ತಿದ್ದಳು. ಉತ್ತರ ಬಂದ ಮೇಲೆ ತನ್ನ ಬಟ್ಟೆಗಳನ್ನು ಮತ್ತೆ ಅಲ್ಲೇ ಜೋಡಿಸುತ್ತಿದ್ದಳು. ಅದನ್ನು ಇನ್ನೊಂದು ಸಲ ನೋಡುವ ಶಕ್ತಿ ಅವನಿಗಿರಲಿಲ್ಲ. ಹೋದ ತಿಂಗಳು ಆ ಊರಿನ ಕಚೇರಿಯಲ್ಲಿ ಡೇಟಾ ನೋಡಿಕೊಳ್ಳುವ ಹುದ್ದೆ ಖಾಲಿಯಾಗಿದೆ ಎಂದು ಗೊತ್ತಾದಾಗ, ಮೂರನೇ ಅರ್ಜಿಯನ್ನು ಅವಳಿಗೆ ತಿಳಿಸದೆ ಹಾಕಿದ. ಈ ಸಲ ಜಾಣತನ ಮಾಡಿದ್ದ. ಹೆಂಡತಿಯ ಸುದ್ದಿಯನ್ನೇ ಎತ್ತಿರಲಿಲ್ಲ. ‘ಸದರಿ ಕಚೇರಿಗೆ ಬಲ್ಲವರೊಬ್ಬರ ಅಗತ್ಯವಿರುವುದರಿಂದ, ಸಂಸ್ಥೆಯ ಹಿತಕ್ಕಾಗಿ ಸ್ವಂತ ಸುಖವನ್ನು ಬದಿಗಿಟ್ಟು ಅಲ್ಲಿಗೆ ಹೋಗಲು ಸಿದ್ಧನಿದ್ದೇನೆ’ ಎಂದು ಬರೆದಿದ್ದ. ಆ ಅರ್ಜಿ ಈಗ ಇದೇ ಮೇಡಂ ಅವರ ಮೇಜಿನ ಮೇಲಿತ್ತು.

ಅಂದರೆ ನಾಲ್ಕು ಗಂಟೆಗೆ ಪರದೆಯ ಮೇಲೆ ಆ ಚಕ್ರ ಸುತ್ತುತ್ತ ಕೂತರೆ ಅರ್ಜಿಯ ‘ಬಲ್ಲವರೊಬ್ಬರ’ ಬಣ್ಣ ಬಯಲಾಗುತ್ತಿತ್ತು.

“ಏನು ಮಾಡ್ತೀಯಾ ಹೇಳು,” ಅಂದರು ಮ್ಯಾನೇಜರು.

“ಟೇಬಲ್ಲನ್ನ ಭಾಗ ಮಾಡ್ತೀನಿ ಸಾರ್. ಪಾರ್ಟಿಷನ್ ಅಂತಾರೆ. ವರ್ಷಕ್ಕೊಂದು ಭಾಗ. ಈ ವರ್ಷ ಸಿಕ್ಕಿದ ಕೊಡೆ ಈ ವರ್ಷದ ಭಾಗದಲ್ಲಿ ಮಾತ್ರ ಇರುತ್ತೆ. ಹುಡುಕುವಾಗ ಮಿಕ್ಕ ಹದಿನೆಂಟು ಭಾಗ ಮುಟ್ಟೋದೇ ಇಲ್ಲ.”

ಮ್ಯಾನೇಜರ ಮುಖ ಇಳಿಯಿತು. “ಭಾಗ ಅಂದ್ರೇನೇ ನನಗಾಗಲ್ಲಪ್ಪ. ನಾನೂ ನಮ್ಮಣ್ಣನೂ ಭಾಗ ಆದಾಗ ಬಾವಿಗೂ ಅಡ್ಡಗೋಡೆ ಎಬ್ಬಿಸಿದ್ರು. ರಾಟೆ ನನ್ನ ಪಾಲಿಗೆ ಬಂತು, ಹಗ್ಗ ಅವನ ಪಾಲಿಗೆ ಹೋಯ್ತು. ಈಗ ಇಬ್ಬರೂ ನಲ್ಲಿ ನೀರು ಕುಡೀತೀವಿ.”

“ಇಲ್ಲಿ ಅಣ್ಣತಮ್ಮ ಯಾರೂ ಇಲ್ಲ ಸಾರ್. ನಾಲ್ಕರೊಳಗೆ ಮುಗಿಸ್ತೀನಿ.”

ಐದ್ನಿಮಿಷ ಕೌಂಟರಿನ ಹುಡುಕಾಟ ನಿಲ್ಲಿಸಿ, ಮೊದಲು ಇಡೀ ಟೇಬಲ್ಲಿನ ಒಂದು ನಕಲು ತೆಗೆದಿಡಲು ಹೊರಟ. ಏನಾದರೂ ಎಡವಟ್ಟಾದರೆ ಹಿಂದಕ್ಕೆ ಬರಲು ದಾರಿ ಇರಬೇಕಲ್ಲ. ಮುಕ್ಕಾಲು ನಕಲಾಗುವಷ್ಟರಲ್ಲಿ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂದು ಸರ್ವರು ಕೈಚೆಲ್ಲಿತು. ಕಳೆದ ವಸ್ತುಗಳ ಪಟ್ಟಿಯ ಪಕ್ಕದಲ್ಲಿ ಅದರ ನಾಲ್ಕರಷ್ಟು ದೊಡ್ಡದಾಗಿ ‘ಮುಖ್ಯ ಕಡತಗಳು, ಮುಟ್ಟಬಾರದು’ ಎಂಬ ಫೋಲ್ಡರೊಂದು ಕಾಲು ಚಾಚಿ ಮಲಗಿತ್ತು. ತೆರೆದು ನೋಡಿದರೆ ಮ್ಯಾನೇಜರ ಕುಟುಂಬ ಸಮುದ್ರ ತೀರದಲ್ಲಿ ಓಡಾಡುವ ವಿಡಿಯೋಗಳು. ಒಂದರಲ್ಲಿ ಮ್ಯಾನೇಜರು ಮೊಣಕಾಲ ತನಕ ಪ್ಯಾಂಟು ಮಡಚಿಕೊಂಡು, ಅಲೆ ಬಂದಾಗಲೆಲ್ಲ ಕಿರುಚಿ ಹಿಂದಕ್ಕೆ ಓಡುತ್ತಿದ್ದರು. ಅದೂ ಮುಕ್ಕಾಲು ಗಂಟೆ.

“ಅದು... ಮನೆ ಕಂಪ್ಯೂಟರಲ್ಲಿ ಜಾಗ ಇರ್ಲಿಲ್ಲ ಕಣಯ್ಯಾ,” ಅಂದರು ಮ್ಯಾನೇಜರು ಗೋಡೆ ನೋಡುತ್ತ. ಆಮೇಲೆ ಪೆನ್‌ಡ್ರೈವ್ ಹಿಡಿದುಕೊಂಡು ತಮ್ಮ ಸಮುದ್ರವನ್ನು ಸ್ವಲ್ಪ ಸ್ವಲ್ಪವಾಗಿ ಹೊತ್ತು ಸಾಗಿಸಿದರು. ಅಷ್ಟರಲ್ಲಿ ಗಂಟೆ ಹತ್ತೂವರೆ ದಾಟಿತ್ತು.

ನಕಲು ಮುಗಿಯಿತು. ಐದ್ನಿಮಿಷ ವರ್ಷಕ್ಕೊಂದರಂತೆ ಹತ್ತೊಂಬತ್ತು ಭಾಗ ಮಾಡಿದ. ‘ಸಿಕ್ಕಿದ ದಿನಾಂಕ’ ನೋಡಿ ಒಂದೊಂದು ಸಾಲನ್ನೂ ಅದರದರ ಭಾಗಕ್ಕೆ ಸೇರಿಸು ಎಂದು ಅಪ್ಪಣೆ ಕೊಟ್ಟ. ಎರಡೇ ಸೆಕೆಂಡಿನಲ್ಲಿ ಯಂತ್ರ ಅಡ್ಡಡ್ಡ ತಲೆಯಾಡಿಸಿತು. ‘ಈ ಸಾಲಿಗೆ ಯಾವ ಭಾಗವೂ ಇಲ್ಲ’ ಅಂದಿತು. ಅದೆಂಥ ಸಾಲಪ್ಪಾ ಎಂದು ಕನ್ನಡಕ ಏರಿಸಿ ನೋಡಿದ. ಒಂದು ಬಾಚಣಿಗೆ. ಸಿಕ್ಕಿದ ದಿನಾಂಕ 31-12-2099.

ಯಾರೋ ಕೈತಪ್ಪಿ ಒತ್ತಿರಬೇಕೆಂದು, ಇಂಥವು ಎಷ್ಟಿವೆ ಎಂದು ಎಣಿಸಿದ. ಮೂವತ್ತನಾಲ್ಕು ಲಕ್ಷ ಇದ್ದವು.

ಕೌಂಟರಿನಲ್ಲಿ ಕೂರುವಾಕೆಯನ್ನು ಇಡೀ ಕಚೇರಿ ಅಕ್ಕ ಎಂದೇ ಕರೆಯುತ್ತಿತ್ತು. ಮ್ಯಾನೇಜರೂ ಅಕ್ಕ ಅನ್ನುತ್ತಿದ್ದರು, ವಯಸ್ಸಿನಲ್ಲಿ ತಾವೇ ದೊಡ್ಡವರಾದರೂ. ಐದ್ನಿಮಿಷ ಅಕ್ಕನ ಮುಂದೆ ಹೋಗಿ ನಿಂತ.

“ಅಕ್ಕಾ, ಎರಡು ಸಾವಿರದ ತೊಂಬತ್ತೊಂಬತ್ತನೇ ಇಸವಿಯಲ್ಲಿ ಸಿಕ್ಕಿದ ಬಾಚಣಿಗೆ ನಮ್ಮ ಗೋದಾಮಿಗೆ ಈಗಲೇ ಹೇಗೆ ಬಂತು?”

“ಓ, ಅದಾ,” ಅಂದರು ಅಕ್ಕ, ಯಾವ ಗಾಬರಿಯೂ ಇಲ್ಲದೆ. “ಸಿಕ್ಕಿ ತೊಂಬತ್ತು ದಿನ ಆದ್ರೂ ಯಾರೂ ಕೇಳ್ಲಿಲ್ಲ ಅಂದ್ರೆ ವಿಲೇವಾರಿ ಸಮಿತಿಗೆ ಕಳಿಸ್ಬೇಕು ತಾನೇ? ಒಂದೊಂದಕ್ಕೂ ನಾಲ್ಕು ಪ್ರತಿ, ಏಳು ಸಹಿ. ಒಂದು ಬಾಚಣಿಗೆಗೆ ಏಳು ಜನರ ಸಹಿ ಹಾಕಿಸಿದೀಯಾ ನೀನು ಯಾವತ್ತಾದ್ರೂ? ನಾನು ಹಾಕಿಸೋಕೆ ಹೋಗಿದೀನಿ. ಆರನೆಯವರು ರಜೆ ಮೇಲೆ ಹೋದ್ರು, ಅವರು ಬರೋಷ್ಟರಲ್ಲಿ ಮೊದಲನೆಯವರು ವರ್ಗ ಆದ್ರು. ಅವತ್ತೇ ತೀರ್ಮಾನ ಮಾಡಿದೆ. ಈ ತಾರೀಖು ಹಾಕಿದ್ರೆ ತೊಂಬತ್ತು ದಿನ ಆಗೋದೇ ಇಲ್ಲ ನೋಡು.”

“ಆದರೆ ಅಕ್ಕಾ, ಆ ತಾರೀಖು ಬಂದಾಗ?”

“ಬಂದಾಗ ನಾನಿರಲ್ಲ. ಅದಕ್ಕೇ ಅದನ್ನ ಆರಿಸಿದ್ದು.”

ಪಕ್ಕದಲ್ಲಿ ನಿಂತಿದ್ದ ಗೋದಾಮಿನಣ್ಣ ತಲೆದೂಗಿದರು. ಇಪ್ಪತ್ತು ವರ್ಷದಿಂದ ಗೋದಾಮು ಕಾಯುತ್ತಿದ್ದ ಅವರಿಗೆ ಅಲ್ಲಿನ ಒಂದೊಂದು ಒಂಟಿ ಚಪ್ಪಲಿಯ ಮೇಲೂ ಕರುಳಿನ ಸಂಬಂಧ. “ಎಸೆಯೋಕೆ ಮನಸ್ಸಾದ್ರೂ ಹೇಗೆ ಬರುತ್ತಪ್ಪ? ಹಲ್ಲಿನ ಸೆಟ್ಟಿನವರು ಇವತ್ತಲ್ಲ ನಾಳೆ ಬಂದೇ ಬರ್ತಾರೆ. ಇಷ್ಟು ದಿನ ಏನು ತಿಂತಿದಾರೋ ಪಾಪ.”

ಜಗಳಕ್ಕೆ ಸಮಯವಿರಲಿಲ್ಲ. ಐದ್ನಿಮಿಷ ‘ಉಳಿದದ್ದು’ ಎಂದು ಇನ್ನೊಂದು ಭಾಗ ಮಾಡಿ, ಆ ಮೂವತ್ತನಾಲ್ಕು ಲಕ್ಷವನ್ನು ಅದಕ್ಕೆ ತಳ್ಳಿದ. ಮಿಕ್ಕಿದ್ದು ಇಪ್ಪತ್ತಾರು ಲಕ್ಷ. ಅದನ್ನಾದರೂ ವರ್ಷದ ಪ್ರಕಾರ ಹಂಚೋಣ ಎಂದು ಕೂತ. ಹಂಚಿ ನೋಡಿದರೆ ಒಂದೇ ವರ್ಷದ ಭಾಗ ಮಳೆಗಾಲದ ಹೊಳೆಯ ಹಾಗೆ ಉಬ್ಬಿತ್ತು. ಕೆದಕಿದ. ದಾಖಲೆಯ ಪ್ರಕಾರ, ಒಂದು ಜೂನ್ ಒಂಬತ್ತನೇ ತಾರೀಖು, ಬೆಳಗಾಗಿ ಸಂಜೆಯಾಗುವುದರೊಳಗೆ, ಊರಿಗೆ ಊರೇ ಸೇರಿ ಹದಿನಾಲ್ಕು ಲಕ್ಷ ಸಾಮಾನು ಕಳೆದುಕೊಂಡಿತ್ತು.

“ಅವತ್ತೇನಾಗಿತ್ತು ಅಕ್ಕಾ? ಭೂಕಂಪವಾ?”

ಅಕ್ಕನ ಮುಖ ಅರಳಿತು. “ನನ್ನ ಮಗಳು ಹುಟ್ಟಿದ ದಿನ! ಆ ಸಮಿತಿ ಶುರುವಾಗೋಕೆ ಮುಂಚಿನ ಮಾತದು. ಸಾಮಾನು ಯಾವತ್ತು ಸಿಕ್ತು ಅಂದ್ರೆ ಕಂಡಕ್ಟರುಗಳು ‘ಮೊನ್ನೆ ಮೊನ್ನೆ’ ಅಂತಾರೆ. ಖಾಲಿ ಬಿಟ್ರೆ ನಿನ್ನ ಕಂಪ್ಯೂಟರು ಒಪ್ಪಲ್ಲ. ನನಗೆ ಚೆನ್ನಾಗಿ ನೆನಪಿರೋ ತಾರೀಖು ಅದೊಂದೇ. ನಮ್ಮೆಜಮಾನ್ರಿಗೆ ಅದೂ ನೆನಪಿರಲ್ಲ.”

ಐದ್ನಿಮಿಷನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಾರೀಖಿನ ಆಸೆ ಬಿಟ್ಟ. ಹನ್ನೆರಡು ಗಂಟೆಯಾಗಿತ್ತು. ಕೌಂಟರಿನ ಮುಂದೆ ಸರದಿ ಬೆಳೆದು ಬಾಗಿಲು ದಾಟಿತ್ತು. ಅಕ್ಕ ಒಂದು ರಟ್ಟಿನ ಮೇಲೆ ‘ಇನ್ನೈದು ನಿಮಿಷ’ ಎಂದು ಬರೆದು ನೇತುಹಾಕಿದ್ದರು. ಅದು ಪ್ರಕಟಣೆಯೋ ಗೇಲಿಯೋ ಎಂದು ಅವನು ವಿಚಾರಿಸಲು ಹೋಗಲಿಲ್ಲ.

“ನಾನೊಂದು ಮಾತು ಹೇಳ್ಲಾ?” ಅಂದರು ಗೋದಾಮಿನಣ್ಣ. “ತಾರೀಖು ಗೀರೀಖು ಬಿಡು. ನನ್ನ ಗೋದಾಮು ನೋಡು. ಕೊಡೆ ಒಂದ್ಕಡೆ, ಚೀಲ ಒಂದ್ಕಡೆ, ಚಪ್ಪಲಿ ಒಂದ್ಕಡೆ. ಕಣ್ಣು ಮುಚ್ಕೊಂಡು ಹುಡುಕ್ತೀನಿ. ನೀನೂ ಹಾಗೇ ಮಾಡಪ್ಪ, ಬಗೆ ನೋಡಿ ಬೇರೆ ಮಾಡು.”

ಮಾತು ಸರಿಯಾಗಿಯೇ ಇತ್ತು. ‘ಬಗೆ’ ಎಂಬ ಕಾಲಂ ಟೇಬಲ್ಲಿನಲ್ಲಿ ಇದ್ದೇ ಇತ್ತು. ನಲವತ್ತೊಂದು ಬಗೆಗಳು, ಅಕಾರಾದಿಯಾಗಿ. ಐದ್ನಿಮಿಷ ನಲವತ್ತೊಂದು ಭಾಗ ಮಾಡಿ, ಸಾಲುಗಳನ್ನು ಹರಿಯಬಿಟ್ಟು, ಈ ಸಲ ಯಂತ್ರ ತಕರಾರು ಮಾಡದ್ದು ಕಂಡು ಕುರ್ಚಿಗೆ ಒರಗಿದ. ಆಮೇಲೆ ಯಾವ ಭಾಗದಲ್ಲಿ ಎಷ್ಟಿದೆ ಎಂದು ನೋಡಿದ. ಪಟ್ಟಿಯ ಮೊಟ್ಟಮೊದಲ ಬಗೆ ‘ಅಲಾರಂ ಗಡಿಯಾರ’. ಅದರಲ್ಲಿ ಐವತ್ತೆರಡು ಲಕ್ಷ ಸಾಲು.

ಹೊರಗೆ ಓಡಿಬಂದು ಅಕ್ಕನ ಬೆನ್ನ ಹಿಂದೆ ನಿಂತ. ಯಾರದೋ ಕೆಂಪು ಚೀಲವನ್ನು ಅಕ್ಕ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುತ್ತಿದ್ದರು. ಬಗೆಯ ಜಾಗದಲ್ಲಿ ‘ಅಲಾರಂ ಗಡಿಯಾರ’ ಎಂದು ತಾನಾಗಿಯೇ ಬಂದು ಕೂತಿತು. ಅಕ್ಕ ಅದನ್ನು ಕಣ್ಣೆತ್ತಿಯೂ ನೋಡದೆ ಮುಂದಕ್ಕೆ ಹೋಗಿ, ವಿವರದ ಜಾಗದಲ್ಲಿ ‘ಕೆಂಪು ಚೀಲ, ಜಿಪ್ಪು ಹಾಳಾಗಿದೆ’ ಎಂದು ಬರೆದರು.

“ಅಕ್ಕಾ! ಇದು ಚೀಲ!”

“ಅಂತಾನೇ ಬರೆದಿದೀನಲ್ಲ ಕೆಳಗೆ! ನಲವತ್ತೊಂದು ಹೆಸರು ಉರುಳಿಸ್ಕೊಂಡು ಹೋಗೋಷ್ಟರಲ್ಲಿ ಸರದಿ ಬಸ್‌ಸ್ಟಾಂಡು ಮುಟ್ಟುತ್ತೆ. ಮೊದಲನೇದು ಬರುತ್ತೆ, ಬಿಟ್ಬಿಡ್ತೀನಿ. ಅದರಿಂದ ಯಾರಿಗೇನು ಕಷ್ಟ?”

“ನಿಜವಾದ ಅಲಾರಂ ಗಡಿಯಾರ ಎಷ್ಟಿದೆ ನಮ್ಮಲ್ಲಿ?”

“ಒಂದಿದೆ,” ಅಂದರು ಗೋದಾಮಿನಣ್ಣ. “ಓಡಲ್ಲ.”

“ಅದು ಇವುಗಳ ಜೊತೆ ಸೇರಿ ಗೊಂದಲ ಆಗ್ಬಾರ್ದಲ್ಲ,” ಅಂದರು ಅಕ್ಕ, “ಅದಕ್ಕೇ ಅದನ್ನ ಮಾತ್ರ ‘ಇತರೆ’ಗೆ ಹಾಕಿದೀನಿ.”

ಐದ್ನಿಮಿಷ ತನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಆಗಲೇ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಮ್ಯಾನೇಜರು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತಟ್ಟಿ, “ಭಾಗ ಆಯ್ತೇನಯ್ಯಾ? ಎಲ್ಲರೂ ಒಪ್ಪಿದ್ರಾ?” ಎಂದು ಕೇಳುತ್ತಿದ್ದರು. ಐದ್ನಿಮಿಷ ಬುತ್ತಿ ಬಿಚ್ಚಿದ, ಸೇರಲಿಲ್ಲ. ಮತ್ತೆ ಮುಚ್ಚಿದ. ಅಷ್ಟು ಹೊತ್ತಿಗೆ ದಿನದಂತೆ ಹೆಂಡತಿಯ ಫೋನು ಬಂತು.

“ಊಟ ಆಯ್ತೇನ್ರೀ? ಯಾಕೆ, ದನಿ ಹೂತುಹೋದ ಹಾಗಿದೆ?”

ಅರ್ಜಿಯ ವಿಷಯ ಬಿಟ್ಟು ಮಿಕ್ಕಿದ್ದನ್ನೆಲ್ಲ ಅವನು ಹೇಳಿಕೊಂಡ. ತೊಂಬತ್ತೊಂಬತ್ತನೇ ಇಸವಿಯ ಬಾಚಣಿಗೆ, ಅಕ್ಕನ ಮಗಳು, ಐವತ್ತೆರಡು ಲಕ್ಷ ಗಡಿಯಾರ. ಹೆಂಡತಿ ಎಲ್ಲವನ್ನೂ ಕೇಳಿ, ನಗಬೇಕಾದಲ್ಲಿ ನಕ್ಕು, ಆಮೇಲೆ ಅಂದಳು:

“ಮನುಷ್ಯರು ಹೇಳಿದ್ದನ್ನ ಯಾಕೆ ನಂಬ್ಕೊಂಡು ಕೂತ್ರಿ ನೀವು? ನನ್ನ ಕೌಂಟರಿಗೆ ಬನ್ನಿ, ನೋಡಿ. ರಿಯಾಯಿತಿ ಪಾಸು ಬೇಕು ಅಂದ್ರೆ ಐವತ್ತೆರಡು ಆದವರು ಅರವತ್ತು ಅಂತಾರೆ, ಮೀಸೆ ಬಂದವರು ಹನ್ನೆರಡು ಅಂತಾರೆ. ನಾನು ಯಾರು ಬರೆದ ತಾರೀಖನ್ನೂ ಲೆಕ್ಕಕ್ಕೆ ತಗೊಳ್ಳಲ್ಲ. ಅರ್ಜಿ ಒಳಗೆ ಬಂದಾಗ ಯಂತ್ರ ತಾನಾಗೇ ಸಮಯದ ಮುದ್ರೆ ಹೊಡೆಯುತ್ತಲ್ಲ, ಅದರ ಪ್ರಕಾರ ತಿಂಗಳಿಗೊಂದು ಕಟ್ಟು ಕಟ್ಟಿಡ್ತೀನಿ. ಯಾರಾದ್ರೂ ಬಂದು ಹೋದ ತಿಂಗಳು ಕೊಟ್ಟಿದ್ದೆ ಅಂದ್ರೆ ಆ ಒಂದು ಕಟ್ಟು ಬಿಚ್ಚಿದ್ರೆ ಸಾಕು. ನಿಮ್ಮ ಟೇಬಲ್ಲಲ್ಲಿ ಅಂಥ ಮುದ್ರೆ ಇಲ್ವಾ?”

ಐದ್ನಿಮಿಷ ಹಣೆ ಹಣೆ ಬಡಿದುಕೊಂಡ. ಇತ್ತು! ಟೇಬಲ್ಲಿನ ಕಟ್ಟಕಡೆಯಲ್ಲಿ, ಯಾವ ಪರದೆಯ ಮೇಲೂ ಕಾಣಿಸಿಕೊಳ್ಳದೆ, ಯಂತ್ರ ತಾನೇ ಬರೆದುಕೊಳ್ಳುವ ‘ನಮೂದಾದ ಸಮಯ’ ಎಂಬ ಕಾಲಂ ಇತ್ತು. ಅದು ಅಕ್ಕನ ಕೈಗೆ ಸಿಗುವಂಥದ್ದಲ್ಲ. ಬಸ್ಸಿನಲ್ಲಿ ಬಿಟ್ಟ ಸಾಮಾನು ಒಂದೆರಡು ದಿನದಲ್ಲಿ ಪಟ್ಟಿಗೆ ಏರುತ್ತದೆ, ಕಳೆದುಕೊಂಡವರು ತಿಂಗಳು ಎರಡು ತಿಂಗಳಲ್ಲಿ ಬರುತ್ತಾರೆ. ಇತ್ತೀಚಿನ ಮೂರು ತಿಂಗಳ ಮೂರು ಭಾಗ ನೋಡಿದರೆ ಮುಗಿಯಿತು.

“ನೀನು ಬಂಗಾರ ಕಣೇ,” ಅಂದ.

“ಅದು ಗೊತ್ತಿದೆ. ಮೊದಲು ಊಟ ಮಾಡಿ,” ಅಂದು ಅವಳು ಫೋನಿಟ್ಟಳು.

ಊಟ ಮಾಡಲಿಲ್ಲ. ತಿಂಗಳಿಗೊಂದರಂತೆ ಇನ್ನೂರ ಇಪ್ಪತ್ತೆಂಟು ಭಾಗ ಮಾಡಿದ. ಹುಡುಕುವ ಪರದೆಯನ್ನು ತಿದ್ದಿ, ಮೊದಲು ಕಡೆಯ ಮೂರು ತಿಂಗಳು ಮಾತ್ರ ನೋಡು, ಸಿಗದಿದ್ದರೆ ಹಿಂದಕ್ಕೆ ಹೋಗು ಎಂದು ಕಲಿಸಿದ. ಸಾಲುಗಳು ತುಂಟಾಟವಿಲ್ಲದೆ ತಮ್ಮ ತಮ್ಮ ತಿಂಗಳಿಗೆ ಹೋಗಿ ಕೂತವು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಕೊನೆಯ ಸಾಲು ಸೇರಿತು. ಅಕ್ಕ ರಟ್ಟು ಇಳಿಸಿ, ಸರದಿಯ ಮುಂದಿದ್ದವರ ಕನ್ನಡಕ ಹುಡುಕಿದರು. ಗುಂಡಿ ಒತ್ತಿ ಬೆರಳು ತೆಗೆಯುವಷ್ಟರಲ್ಲಿ ಉತ್ತರ ಬಂದಿತ್ತು. ಅಕ್ಕ ಬೆಚ್ಚಿಬಿದ್ದು ಕುರ್ಚಿ ಹಿಂದಕ್ಕೆ ಸರಿಸಿದರು. ಹತ್ತು ನಿಮಿಷದಲ್ಲಿ ಇಡೀ ಸರದಿ ಕರಗಿಹೋಯಿತು. ಗೋದಾಮಿನಣ್ಣ ಓಡಾಡಿ ಓಡಾಡಿ ಬೆವರಿದರು.

ಮೇಡಂ ನಾಲ್ಕಕ್ಕೆ ಸರಿಯಾಗಿ ಬಂದರು. ಸಣ್ಣ ಆಳು, ಮಾತು ಅದಕ್ಕಿಂತ ಸಣ್ಣದು. ಯಾರಿಗೂ ನಮಸ್ಕಾರ ಮುಗಿಸಲು ಬಿಡದೆ ನೇರ ಅಕ್ಕನ ಕುರ್ಚಿಯಲ್ಲಿ ಕೂತು, ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟುಕೊಂಡರು. ‘ಕೊಡೆ, ಬಾತುಕೋಳಿ’ ಎಂದು ಬರೆದು ಗುಂಡಿ ಒತ್ತಿದರು. ಒತ್ತಿ, ಗಡಿಯಾರ ನೋಡಿ, ತಲೆಯೆತ್ತಿದಾಗ ಉತ್ತರ ಅವರಿಗಾಗಿ ಕಾಯುತ್ತಿತ್ತು. ಮೇಡಂ ಅದನ್ನು ಗಟ್ಟಿಯಾಗಿ ಓದಿದರು.

“ಬಗೆ, ಅಲಾರಂ ಗಡಿಯಾರ. ಸಿಕ್ಕಿದ ದಿನಾಂಕ, ಎರಡು ಸಾವಿರದ ತೊಂಬತ್ತೊಂಬತ್ತು.”

ಅಕ್ಕ ಚಾವಣಿಯ ಫ್ಯಾನು ಎಣಿಸತೊಡಗಿದರು, ಇದ್ದದ್ದು ಒಂದೇ.

“ಅದು ತಾಂತ್ರಿಕ ವಿವರ ಮೇಡಂ,” ಅಂದರು ಮ್ಯಾನೇಜರು.

“ವಿವರ, ಕಪ್ಪು ಕೊಡೆ, ಬಾತುಕೋಳಿ ಹಿಡಿ,” ಎಂದು ಮೇಡಂ ಓದಿ ಮುಗಿಸಿದರು. ಅಷ್ಟರಲ್ಲಿ ಗೋದಾಮಿನಣ್ಣ ಕೊಡೆಯನ್ನೇ ತಂದು ಮುಂದಿಟ್ಟರು. ಬಾತುಕೋಳಿ ಮೇಡಂ ಅವರನ್ನೇ ನೋಡುತ್ತಿತ್ತು. “ಆ ತಾರೀಖಿನ ವಿಚಾರಕ್ಕೆ ಇನ್ನೊಂದು ದಿನ ಬರ್ತೀನಿ. ಇವತ್ತು ಬಂದಿದ್ದು ವೇಗ ನೋಡೋಕೆ. ಒಂದು ಸೆಕೆಂಡೂ ಆಗ್ಲಿಲ್ಲ. ಯಾರ ಉಪಾಯ ಇದು?”

“ನಮ್ಮ ಕಚೇರಿಯ ಎಲ್ಲರ ಸಾಮೂಹಿಕ...” ಎಂದು ಮ್ಯಾನೇಜರು ಶುರುಮಾಡಿದರು.

ಐದ್ನಿಮಿಷ ‘ನನ್ನದೇ’ ಅನ್ನಬಹುದಾಗಿತ್ತು. ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಇಡೀ ದಿನ ಬೆನ್ನು ಮುರಿದವನು ಅವನೇ ತಾನೇ. ಆದರೆ ಆ ಗಳಿಗೆಯಲ್ಲಿ ಅವನಿಗೆ ಹೆಂಡತಿಯ ಹೆಸರು ಎಲ್ಲರ ಮುಂದೆ ಹೇಳಬೇಕೆನಿಸಿತು.

“ನನ್ನ ಹೆಂಡತಿಯ ಉಪಾಯ ಮೇಡಂ. ನಾನು ಬರೀ ಕೈ ಆಡಿಸಿದೆ. ಅವಳು ತನ್ನ ಕೌಂಟರಲ್ಲಿ ಎಷ್ಟೋ ದಿನದಿಂದ ಹೀಗೇ ಮಾಡ್ತಿದಾಳೆ.”

“ಕೌಂಟರಾ? ನಮ್ಮ ಸಂಸ್ಥೆಯಲ್ಲೇ ಇದಾರಾ?”

ಅವನು ಅವಳ ಹೆಸರು ಹೇಳಿದ, ಊರು ಹೇಳಿದ, ಪಾಸಿನ ಕೌಂಟರು ಅಂದ, ಅವಳು ಕಟ್ಟಿಡುವ ಕಟ್ಟುಗಳ ಬಗ್ಗೆ ಕೇಳದಿದ್ದರೂ ಹೇಳಿದ. ಎಂಟು ವರ್ಷದ ಅನುಭವ ಅಂದ. ಒಂದು ದಿನವೂ ತಪ್ಪಾಗಿಲ್ಲ ಅಂದ. ಮೇಡಂ ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ಬರೆದು, ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದರು.

“ನಿಮ್ಮ ಅರ್ಜಿ ಓದಿದೀನಿ ನಾನು. ಸ್ವಂತ ಸುಖ ಬದಿಗಿಟ್ಟು ಅಂತ ಬರೆದಿದ್ರಿ. ನಮ್ಮಲ್ಲಿ ಅಂಥ ಮಾತು ಬರೆಯೋರು ಕಡಿಮೆ. ಅಂಥವರಿಗೆ ಕಷ್ಟ ಆಗೋಕೆ ನಾನು ಬಿಡಲ್ಲ. ಆ ಹುದ್ದೆಯ ಆದೇಶ ಇವತ್ತು ಸಂಜೆಯೊಳಗೇ ಹೊರಡುತ್ತೆ.”

ಹೇಳಿ ಗಡಿಯಾರ ಕಟ್ಟಿಕೊಂಡು, ಫೋನು ಕಿವಿಗಿಟ್ಟುಕೊಂಡು, ಬಂದಷ್ಟೇ ಬೇಗ ಹೊರಟುಹೋದರು.

ಐದ್ನಿಮಿಷನ ಕಾಲು ನೆಲದ ಮೇಲಿರಲಿಲ್ಲ. ಎಲ್ಲರಿಗೂ ಕಾಫಿ ತರಿಸಿದ. ಮ್ಯಾನೇಜರು ಬೆನ್ನು ತಟ್ಟಿ, “ಭಾಗ ಅಂದ್ರೆ ಹೀಗಾಗ್ಬೇಕು ನೋಡು, ಸೇರೋರು ಸೇರ್ಬೇಕು,” ಅಂದರು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಅವಳ ಕೈಲಿ ದಿನಾ ಬಿಸಿ ಊಟ ಮಾಡಪ್ಪ ಇನ್ನು,” ಅಂದರು. ಅವನು ಡ್ರಾಯರಿನಲ್ಲಿದ್ದ ಪೆನ್ನು, ಚಾರ್ಜರು, ಹೆಂಡತಿ ಕೊಟ್ಟ ಲೋಟ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿದ. ಈ ಸಲ ಬೀರುವಿನ ಅರ್ಧ ಖಾಲಿ ಮಾಡಿದರೆ ಮತ್ತೆ ತುಂಬಬೇಕಾಗಿಲ್ಲ ಎಂದು ಹೇಗೆ ಶುರುಮಾಡಿ ಹೇಳಲಿ ಎಂದು ಯೋಚಿಸುತ್ತ ಫೋನು ಕೈಗೆತ್ತಿಕೊಂಡ. ಅದಕ್ಕಿಂತ ಮುಂಚೆ ಅದೇ ಬಡಿದುಕೊಂಡಿತು.

“ರೀ! ಕೂತಿದೀರಾ? ಮೊದಲು ಕೂತ್ಕೊಳ್ಳಿ!” ಹೆಂಡತಿಗೆ ಏದುಸಿರು ಬಂದಿತ್ತು. “ನನಗೆ ಬಡ್ತಿ ಬಂತು ಕಣ್ರೀ!”

“ಬಡ್ತಿ?”

“ಇಲ್ಲಿ ಡೇಟಾ ನೋಡ್ಕೊಳ್ಳೋ ಹುದ್ದೆ ಖಾಲಿ ಇತ್ತಂತೆ. ಯಾರೋ ಮೇಡಂ ನನ್ನ ಹೆಸರು ಹೇಳಿ, ಆ ಊರಲ್ಲೇ ಇಷ್ಟು ಬಲ್ಲವರು ಇರುವಾಗ ಹೊರಗಿನಿಂದ ಯಾರಿಗೂ ಸುಮ್ಮನೆ ತೊಂದರೆ ಕೊಡ್ಬೇಡಿ, ಇವತ್ತೇ ಆದೇಶ ಕಳಿಸಿ ಅಂದ್ರಂತೆ. ಈಗ ತಾನೇ ಸಿಬ್ಬಂದಿ ವಿಭಾಗದವರು ಫೋನ್ ಮಾಡಿದ್ರು. ನನ್ನ ಹೆಸರು ಅವರಿಗೆ ಹೇಗೆ ಗೊತ್ತಾಯ್ತೋ ಏನೋ!”

ಐದ್ನಿಮಿಷ ಕೂತ. ಅವಳು ಹೇಳದಿದ್ದರೂ ಕೂರಲೇಬೇಕಾಗಿತ್ತು.

“ಇನ್ನೊಂದು ತಮಾಷೆ ಕೇಳಿ,” ಅವಳು ನಿಲ್ಲಿಸಲಿಲ್ಲ. “ಈ ಹುದ್ದೆಗೆ ಬೇರೆ ಊರಿಂದ ಒಂದು ಅರ್ಜಿ ಬಂದು ಬಿದ್ದಿದೆಯಂತೆ. ಬೇಕಿದ್ರೆ ಅವರನ್ನ ನಿಮ್ಮ ಕೈಕೆಳಗೆ ಸಹಾಯಕ್ಕೆ ಹಾಕ್ತೀವಿ, ಬೇಡ ಅಂದ್ರೆ ಅರ್ಜಿ ಮುಚ್ಚಿಬಿಡ್ತೀವಿ, ಏನಂತೀರಿ ಅಂತ ಆ ಗುಮಾಸ್ತ ಕೇಳಿದ. ಹೆಸರು ಹೇಳೋ ಹಾಗಿಲ್ಲವಂತೆ, ಅದರಲ್ಲಿ ಏನು ಬರೆದಿದೆ ಅಂತ ಮಾತ್ರ ಓದಿದ. ‘ಸ್ವಂತ ಸುಖವನ್ನು ಬದಿಗಿಟ್ಟು’ ಅಂತೆ! ಅಯ್ಯೋ, ಕೇಳಿಯೇ ಮೈ ಉರೀತು ನನಗೆ. ಅಂಥವರು ಬಂದ್ರೆ ಬೆಳಗಾದ್ರೆ ಅವರ ತ್ಯಾಗದ ಪುರಾಣ ಕೇಳ್ಬೇಕು. ಯಾರೂ ಬೇಡ, ನಾನೊಬ್ಬಳೇ ಸಾಕು ಅಂತ ಬರೆದು, ಸಹಿ ಹಾಕಿ ಕಳಿಸಿಬಿಟ್ಟೆ.”

ಬಾಗಿಲಲ್ಲಿ ಅಕ್ಕ ಕಾಫಿ ಲೋಟ ಹಿಡಿದು ನಗುತ್ತ ನಿಂತಿದ್ದರು, ಸಿಹಿಸುದ್ದಿ ಮುಟ್ಟಿತೇ ಎಂದು ಕಣ್ಣಲ್ಲೇ ಕೇಳುತ್ತ. ಐದ್ನಿಮಿಷ ಮುಟ್ಟಿತು ಎಂದು ತಲೆಯಾಡಿಸಿದ.

“ರೀ? ಇದೀರಾ? ಖುಷಿ ಆಗ್ಲಿಲ್ವಾ?”

“ಆಯ್ತು ಕಣೇ. ತುಂಬ ಖುಷಿ ಆಯ್ತು,” ಅಂದ. ನಿಜವಾಗಿಯೂ ಆಗಿತ್ತು. ಕಷ್ಟವಾದದ್ದೇ ಅದು.

“ಪಾಪ, ಆ ಮನುಷ್ಯನ ಬಗ್ಗೆ ಈಗ ಸ್ವಲ್ಪ ಕೆಟ್ಟದನ್ನಿಸ್ತಿದೆ. ಬೇಜಾರು ಮಾಡ್ಕೊಳ್ತಾರೇನೋ, ಅಲ್ವಾ?”

“ಇಲ್ಲ ಬಿಡು,” ಅಂದ ಐದ್ನಿಮಿಷ, ಚೀಲದಿಂದ ಲೋಟ ತೆಗೆದು ಮತ್ತೆ ಡ್ರಾಯರಿನಲ್ಲಿಡುತ್ತ. “ಅಂಥವರಿಗೆ ಅಭ್ಯಾಸ ಆಗಿರುತ್ತೆ.”